ದರ ಕೇಳುವ ಮುನ್ನ ಚಾಲಕರ ನಿದ್ದೆ ಕೇಳಿ

ವಿಮಾನ ನಿಲ್ದಾಣದಿಂದ ನೇರವಾಗಿ ಕೊಡಗಿಗೋ ಚಿಕ್ಕಮಗಳೂರಿಗೋ ಕಾರು ಗೊತ್ತುಮಾಡುವವರು ಬಾಡಿಗೆ ಎಷ್ಟು, ಯಾವ ಗಾಡಿ, ಡಿಕ್ಕಿಯಲ್ಲಿ ಎಷ್ಟು ಜಾಗ ಎಂದೆಲ್ಲ ವಿಚಾರಿಸುತ್ತಾರೆ. ಘಾಟಿಯಲ್ಲಿ ಸ್ಟೇರಿಂಗ್ ಹಿಡಿಯುವವರು ಅದಕ್ಕೂ ಮೊದಲು ಎಷ್ಟು ಹೊತ್ತು ಮಲಗಿದ್ದರು ಎಂದು ಕೇಳುವವರು ಕಡಿಮೆ.

ಡಿಸೆಂಬರ್ ರಜೆ ಬಂತೆಂದರೆ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಆಗಮನ ದ್ವಾರದಲ್ಲಿ ಸರಿರಾತ್ರಿಯಲ್ಲೂ ಜನಜಂಗುಳಿ. ಕೊಲ್ಲಿ ದೇಶಗಳಿಂದ, ಯುರೋಪಿನಿಂದ ಬರುವ ಅನೇಕ ವಿಮಾನಗಳು ಇಳಿಯುವುದೇ ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ. ಊರಿಗೆ ಬಂದ ಮಗಳು ಅಳಿಯ, ನಿದ್ದೆಗಣ್ಣಿನ ಮೊಮ್ಮಕ್ಕಳು, ಕರೆದೊಯ್ಯಲು ಬಂದ ಅಜ್ಜ ಅಜ್ಜಿ ಎಲ್ಲರೂ ಒಂದೇ ಇನ್ನೋವಾ ಹತ್ತಿ ಮಡಿಕೇರಿಯ ಕಡೆ ಹೊರಡುತ್ತಾರೆ. ಮೂರು ಗಂಟೆಗೆ ಬಿಟ್ಟರೆ ಒಂಬತ್ತೂವರೆಗೆ ಹೋಂಸ್ಟೇಯಲ್ಲಿ ತಿಂಡಿ, ಒಂದು ದಿನ ಉಳಿಯಿತು ಎಂಬುದು ಮನೆಯವರ ಲೆಕ್ಕ.

ಆ ಲೆಕ್ಕದಲ್ಲಿ ಚಾಲಕರು ಸೇರಿಲ್ಲ. ಸಂಜೆಯವರೆಗೆ ನಗರದಲ್ಲಿ ಡ್ಯೂಟಿ ಮಾಡಿ, ಹೆಬ್ಬಾಳದ ಟ್ರಾಫಿಕ್‌ಗೆ ಹೆದರಿ ಹತ್ತು ಗಂಟೆಗೇ ನಿಲ್ದಾಣದ ಕಡೆ ಬಂದು, ಊಟವೆಂದು ಏನನ್ನೋ ತಿಂದು, ವಿಮಾನ ತಡವಾದಷ್ಟೂ ಫೋನ್ ಹಿಡಿದು ಎಚ್ಚರವಿದ್ದವರು ಅವರು. ಅವರ ಮುಂದೆ ಈಗ ಸುಮಾರು 290 ಕಿ.ಮೀ. ದಾರಿಯಿದೆ. ಕುಶಾಲನಗರ ದಾಟಿದ ಮೇಲೆ, ಸುಂಟಿಕೊಪ್ಪದ ತಿರುವುಗಳಲ್ಲಿ, ಮಂಜು ಕವಿದ ಹೊತ್ತಿನಲ್ಲಿ ಆ ದಾರಿ ಅವರಿಂದ ಹೆಚ್ಚಿನ ಎಚ್ಚರ ಕೇಳುತ್ತದೆ. ಪ್ರಯಾಣಿಕರೆಲ್ಲ ಗಾಢ ನಿದ್ದೆಯಲ್ಲಿರುವುದೂ ಆಗಲೇ.

ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ದೇಹ ತಾನಾಗಿಯೇ ನಿದ್ದೆಗೆ ಎಳೆಯುತ್ತದೆ. ಎಷ್ಟೇ ಅನುಭವವಿದ್ದರೂ, ಎಷ್ಟೇ ಚಹಾ ಕುಡಿದರೂ ಅದನ್ನು ಪೂರ್ತಿ ತಡೆಯಲಾಗದು. ದಣಿದ ಮಿದುಳು ಕೆಲವು ಸೆಕೆಂಡು ನಿದ್ದೆಗೆ ಜಾರಿ ಮತ್ತೆ ಎಚ್ಚರಗೊಳ್ಳುತ್ತದೆ. ಹಾಗಾದದ್ದು ಎಷ್ಟೋ ಸಲ ಆ ವ್ಯಕ್ತಿಗೇ ತಿಳಿಯುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಮೂರು ಸೆಕೆಂಡು ತೂಕಡಿಸಿದರೆ 66 ಮೀಟರ್ ರಸ್ತೆಯನ್ನು ಯಾರೂ ನೋಡಿರುವುದಿಲ್ಲ. ಘಾಟಿಯಲ್ಲಿ ಅಷ್ಟರೊಳಗೆ ಒಂದು ತಿರುವು ಬಂದು ಹೋಗಿರುತ್ತದೆ.

ಇದು ಸರ್ಕಾರಕ್ಕೆ ತಿಳಿಯದ ಸಂಗತಿಯಲ್ಲ. 1961ರಲ್ಲೇ ಬಂದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು ಮಿತಿ ಹಾಕಿತು. ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದಿತು. ಆದರೆ ಅದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಬರೆದ ಕಾನೂನು. ಸಾಲ ಮಾಡಿ ಕಾರು ಕೊಂಡು ತಾನೇ ಓಡಿಸುವ ಓನರ್ ಕಮ್ ಡ್ರೈವರ್ ಎಷ್ಟು ಹೊತ್ತು ಸ್ಟೇರಿಂಗ್ ಮುಂದೆ ಕೂತಿದ್ದಾರೆ ಎಂದು ಎಣಿಸುವವರಿಲ್ಲ. ಅವರ ಗಡಿಯಾರ ತಿಂಗಳ ಕಂತು.

ಹಗಲಿಗೆ ಹೊಂದಿಸಿ

ಹಾಗಾಗಿ ಕಾರು ಗೊತ್ತುಮಾಡುವ ಕೆಲಸ ವಿಮಾನದ ಟಿಕೆಟ್ ಜೊತೆಗೇ ಶುರುವಾಗಬೇಕು. ರಾತ್ರಿ ಇಳಿಯುವುದು ಅನಿವಾರ್ಯವಾದರೆ ಆ ರಾತ್ರಿಯನ್ನು ದೇವನಹಳ್ಳಿಯ ಆಸುಪಾಸಿನಲ್ಲೋ ಬೆಂಗಳೂರಿನ ನೆಂಟರ ಮನೆಯಲ್ಲೋ ಕಳೆದು ಬೆಳಗ್ಗೆ ಆರಕ್ಕೆ ಹೊರಡುವುದು ಒಳ್ಳೆಯದು. ಹೋಂಸ್ಟೇಗಳು ಸಾಮಾನ್ಯವಾಗಿ ಕೋಣೆ ಬಿಟ್ಟುಕೊಡುವುದು ಮಧ್ಯಾಹ್ನ ಹನ್ನೆರಡರ ನಂತರ. ಬೆಳಗಿನ ಜಾವ ಓಡಿಬಂದವರು ಎಷ್ಟೋ ಕಡೆ ಜಗಲಿಯಲ್ಲಿ ಲಗೇಜ್ ಇಟ್ಟುಕೊಂಡು ಕಾಯುತ್ತಾರೆ. ಆರಕ್ಕೆ ಹೊರಟು ದಾರಿಯಲ್ಲಿ ತಿಂಡಿ ಮುಗಿಸಿದವರು ಕೋಣೆ ಸಿದ್ಧವಾಗುವ ಹೊತ್ತಿಗೆ ಸರಿಯಾಗಿ ತಲುಪುತ್ತಾರೆ. ಉಳಿಯಿತೆಂದುಕೊಂಡ ದಿನ ನಿಜಕ್ಕೂ ಉಳಿಯುವುದು ಹೀಗೆ.

ಹೊರಡುವ ಹೊತ್ತಿನಷ್ಟೇ ದಾರಿಯೂ ಮುಖ್ಯ. ಮಡಿಕೇರಿಗೆಂದರೆ ಎಲ್ಲರ ಬಾಯಲ್ಲೂ ಬರುವುದು 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ. ಶ್ರೀರಂಗಪಟ್ಟಣದ ಬಳಿ ತಿರುಗಿ ಇಲವಾಲ, ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿದರೆ ಕುಶಾಲನಗರ. ಆದರೆ ಮೈಸೂರು ರಸ್ತೆ ಹಿಡಿಯಲು ದೇವನಹಳ್ಳಿಯಿಂದ ಬರುವವರು ಬೆಂಗಳೂರನ್ನು ದಾಟಲೇಬೇಕು. ಹಗಲಿನಲ್ಲಿ ಅದಕ್ಕೇ ಎರಡು ಗಂಟೆ ಹೋದರೂ ಅಚ್ಚರಿಯಿಲ್ಲ. ನಗರವನ್ನು ತಪ್ಪಿಸುವ ದಾರಿ ದೊಡ್ಡಬಳ್ಳಾಪುರ, ನೆಲಮಂಗಲ, ಕುಣಿಗಲ್ ಮೂಲಕ. ಚನ್ನರಾಯಪಟ್ಟಣದಿಂದ ಹೊಳೆನರಸೀಪುರ, ಅರಕಲಗೂಡು ಹಾದು ಕುಶಾಲನಗರ ಸೇರಬಹುದು. ಚಿಕ್ಕಮಗಳೂರಿಗಾದರೆ ಹಾಸನ, ಬೇಲೂರು. ಯಾವ ದಾರಿ ಎಂಬುದನ್ನು ಬುಕ್ ಮಾಡುವಾಗಲೇ ಮಾತಾಡಿಕೊಂಡರೆ ಕಿ.ಮೀ. ಲೆಕ್ಕಕ್ಕೆ ಕೊನೆಯಲ್ಲಿ ತಕರಾರು ಬರುವುದಿಲ್ಲ.

ದೇವನಹಳ್ಳಿಯೇ ಆಗಬೇಕೇ ಎಂಬುದನ್ನೂ ಯೋಚಿಸಿ. 2018ರ ಡಿಸೆಂಬರ್‌ನಲ್ಲಿ ಆರಂಭವಾದ ಕಣ್ಣೂರು ವಿಮಾನ ನಿಲ್ದಾಣ ಇರುವುದು ಮಟ್ಟನ್ನೂರಿನಲ್ಲಿ. ಅಲ್ಲಿಂದ ಇರಿಟ್ಟಿ, ಮಾಕುಟ್ಟದ ಕಾಡುದಾರಿಯಲ್ಲಿ ವಿರಾಜಪೇಟೆ 60 ಕಿ.ಮೀ. ಆಸುಪಾಸು. ಕೊಲ್ಲಿಯಲ್ಲಿ ದುಡಿಯುವ ಕೊಡಗಿನವರಿಗೆ ಇದು ದೊಡ್ಡ ಅನುಕೂಲ. ಚಿಕ್ಕಮಗಳೂರು, ಮೂಡಿಗೆರೆ ಕಡೆಗೆ ಹೋಗುವವರಿಗೆ ಮಂಗಳೂರಿನ ಬಜ್ಪೆ ಹತ್ತಿರ. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದ ಮೂಲಕ ಸುಮಾರು 150 ಕಿ.ಮೀ. ಒಬ್ಬಿಬ್ಬರೇ ಪ್ರಯಾಣಿಕರಾದರೆ ದೇವನಹಳ್ಳಿಯಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್‌ನಲ್ಲಿ ಮೈಸೂರಿಗೆ ಬಂದು, ಅಲ್ಲಿಂದ ಮುಂದಕ್ಕೆ ಕಾರು ಹಿಡಿಯಬಹುದು. ಹಾಗೆ ಬಂದರೆ ಮೈಸೂರಿನಲ್ಲಿ ಸಿಗುವ ಚಾಲಕರು ರಾತ್ರಿ ಮನೆಯಲ್ಲಿ ಮಲಗಿ ಎದ್ದವರಾಗಿರುವ ಸಾಧ್ಯತೆ ಹೆಚ್ಚು.

ಮಳೆಗಾಲದಲ್ಲಿ ಈ ಲೆಕ್ಕಗಳೆಲ್ಲ ಬದಲಾಗುತ್ತವೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಬಳಿ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ಹೆದ್ದಾರಿಯೇ ಮುಚ್ಚಿತು. ಮರುವರ್ಷದ ಆಗಸ್ಟ್‌ನಲ್ಲಿ ಚಾರ್ಮಾಡಿ ಕುಸಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವವರು ಎರಡನೆಯ ದಾರಿಯೊಂದನ್ನು ಮೊದಲೇ ಗೊತ್ತುಮಾಡಿಕೊಂಡು, ಅದಕ್ಕೆ ಹೆಚ್ಚಾಗುವ ಕಿ.ಮೀ.ಗೆ ಎಷ್ಟು ಎಂದು ಬರೆಸಿಕೊಳ್ಳಬೇಕು. ಹವಾಮಾನ ಕೆಟ್ಟು ವಿಮಾನ ಬೇರೆ ನಿಲ್ದಾಣಕ್ಕೆ ತಿರುಗಿದರೆ ಮುಂಗಡ ಹಣದ ಗತಿಯೇನು ಎಂದೂ ಕೇಳಬೇಕು. ಊಟಿಗೆ ಹೋಗುವವರಿಗೆ ಬೇರೆಯ ಗಡುವಿದೆ: ಬಂಡೀಪುರದ ಕಾಡುದಾರಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಬಂದ್. ನೀಲಗಿರಿ ಜಿಲ್ಲೆ ಪ್ರವೇಶಕ್ಕೆ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ ತಿಂಗಳಿಂದ ಇ-ಪಾಸ್ ಬಂದಿದೆ. ಗಾಡಿಯ ನಂಬರ್ ಮೊದಲೇ ಸಿಗದಿದ್ದರೆ ಪಾಸ್ ಮಾಡಿಸುವುದು ಹೇಗೆ?

ಅಗ್ಗದ ಡ್ರಾಪ್‌ನ ಉಳಿದರ್ಧ ಯಾರದು?

ಬಾಡಿಗೆ ಹೇಳುವ ರೀತಿ ಎರಡು. ಒಂದು, ಹೋಗಿ ಬರುವ ಒಟ್ಟು ಕಿ.ಮೀ.ಗೆ ದರ, ಅದರ ಮೇಲೆ ದಿನದ ಬಾಟಾ, ಟೋಲ್, ಪಾರ್ಕಿಂಗ್. ಇದರಲ್ಲಿ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಎಂಬ ಷರತ್ತು ಸಾಮಾನ್ಯ. ಲೆಕ್ಕ ಎಲ್ಲಿಂದ ಶುರು ಎಂಬುದನ್ನು ಇಲ್ಲಿ ಕೇಳಲೇಬೇಕು. ಎಷ್ಟೋ ಕಡೆ ಮೀಟರ್ ಓಡುವುದು ಗಾಡಿ ಶೆಡ್ ಬಿಟ್ಟಲ್ಲಿಂದ ಶೆಡ್ ಸೇರುವವರೆಗೆ. ಇನ್ನೊಂದು, ಒಂದು ಕಡೆಯ ಡ್ರಾಪ್‌ಗೆ ಇಷ್ಟು ಎಂಬ ಒಟ್ಟು ಮೊತ್ತ. ಕೇಳಲು ಎರಡನೆಯದೇ ಹಿತ.

ಆದರೆ ದೇವನಹಳ್ಳಿಯಿಂದ ಮಡಿಕೇರಿಗೆ 290 ಕಿ.ಮೀ. ಹೋದ ಕಾರು ಅಷ್ಟೇ ದೂರ ವಾಪಸು ಬರಬೇಕು. ಗಾಡಿಗೆ ಒಟ್ಟು 580 ಕಿ.ಮೀ. ಓಟ. ಡ್ರಾಪ್ ದರ ಅದರ ಅರ್ಧಕ್ಕೆ ಇಳಿದಿದೆ ಎಂದರೆ ಉಳಿದರ್ಧವನ್ನು ಇನ್ನೊಬ್ಬ ಪ್ರಯಾಣಿಕರು ಕೊಡಬೇಕು ಇಲ್ಲವೇ ಚಾಲಕರೇ ಹೊರಬೇಕು. ವಾಪಸು ಟ್ರಿಪ್ ಸಿಕ್ಕರೆ ನಮ್ಮನ್ನು ಇಳಿಸಿದ ಕೂಡಲೇ ಅವರು ತಿರುಗಿ ಹೊರಡುತ್ತಾರೆ. ಸಿಗದಿದ್ದರೆ ಖಾಲಿ ಗಾಡಿಯ ಡೀಸೆಲ್ ನಷ್ಟ ತುಂಬಲು ಸಂಜೆಯ ಇನ್ನೊಂದು ಡ್ಯೂಟಿಗೆ ಓಡುತ್ತಾರೆ. ಎರಡರಲ್ಲೂ ಮಲಗುವ ಹೊತ್ತು ಹೋಗುತ್ತದೆ. ನಮ್ಮನ್ನು ಕರೆದೊಯ್ಯಲು ಬಂದ ಕಾರು ಕೂಡ ಬಹುಶಃ ಇನ್ಯಾರದೋ ಅಗ್ಗದ ಡ್ರಾಪ್ ಮುಗಿಸಿ ನೇರ ಬಂದಿರುವುದೇ. ಮೇಲಿನಿಂದ ಮಡಿಕೇರಿಯ ಟ್ಯಾಕ್ಸಿಯನ್ನೇ ಕರೆಸಿದರೂ ಇದೇ ಪ್ರಶ್ನೆ. ಕೊಡಗಿನ ರಸ್ತೆ ಅಂಗೈ ಗೆರೆಯಷ್ಟು ಪರಿಚಿತವಾಗಿರುವವರು ಸಿಗುತ್ತಾರೆ, ನಿಜ. ಆದರೆ ಆರೇಳು ಗಂಟೆ ಓಡಿಸಿಕೊಂಡು ಇಳಿದು ಬಂದವರು ಮಲಗದೆ ಮತ್ತೆ ಅಷ್ಟೇ ಹೊತ್ತು ಹತ್ತಬಾರದು.

ಅದಕ್ಕೇ ಬುಕಿಂಗ್ ಫೋನಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ನಮ್ಮ ಟ್ರಿಪ್‌ಗೆ ಬರುವವರು ಅದರ ಹಿಂದಿನ ಡ್ಯೂಟಿ ಎಷ್ಟು ಗಂಟೆಗೆ ಮುಗಿಸುತ್ತಾರೆ? ಉತ್ತರ ತಡವರಿಸಿದರೆ ಬೇರೆಯವರನ್ನು ನೋಡುವುದೇ ಲೇಸು.

ನಂತರದ್ದು ಬೋರ್ಡಿನ ಬಣ್ಣ. ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರವಿದ್ದರೆ ಬಾಡಿಗೆ ಗಾಡಿ. ವಿದ್ಯುತ್ ಟ್ಯಾಕ್ಸಿಗೆ ಹಸಿರು ಹಲಗೆ, ಹಳದಿ ಅಕ್ಷರ. ಪರಿಚಯದವರೆಂದು ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಹಿಡಿದರೆ, ಸ್ವಂತ ಬಳಕೆಗೆಂದು ಮಾಡಿಸಿದ ಅದರ ವಿಮೆ ಅಪಘಾತದ ಹೊತ್ತಿನಲ್ಲಿ ಕೈಬಿಡಬಹುದು. ಕಣ್ಣೂರಿನಿಂದ ಕೇರಳ ನೋಂದಣಿಯ ಗಾಡಿ ಹಿಡಿದರೆ ಕರ್ನಾಟಕಕ್ಕೆ ಬರಲು ಪರ್ಮಿಟ್ ಇದೆಯೇ, ಅದರ ಖರ್ಚು ಬಾಡಿಗೆಯಲ್ಲಿ ಸೇರಿದೆಯೇ ವಿಚಾರಿಸಿ. ದೇವನಹಳ್ಳಿಯಲ್ಲಿ ಈಗ ಎರಡು ಟರ್ಮಿನಲ್; ಯಾವುದರಲ್ಲಿ ಇಳಿಯುತ್ತೀರಿ ಎಂಬುದನ್ನು ವಿಮಾನದ ನಂಬರ್ ಸಮೇತ ಮೆಸೇಜ್ ಮಾಡಿ. ಚಾಲಕರು ವಿಮಾನದ ಹೊತ್ತನ್ನು ಫೋನಿನಲ್ಲೇ ನೋಡಿ, ತಡವಿದ್ದರೆ ಇನ್ನೊಂದು ಗಂಟೆ ಮಲಗುತ್ತಾರೆ.

ಏಳು ಜನ ಕೂರುವ ಗಾಡಿಯಲ್ಲಿ ಏಳು ಜನ ಕೂತರೆ ವಿದೇಶದಿಂದ ತಂದ ದೊಡ್ಡ ಸೂಟ್‌ಕೇಸಿಗೆ ಜಾಗವಿರುವುದಿಲ್ಲ. ಮೇಲೆ ಕ್ಯಾರಿಯರ್ ಇದೆಯೇ, ಮಳೆಗೆ ಟಾರ್ಪಾಲು ಇದೆಯೇ ಎಂದು ಕೇಳಿ. ಕಾಫಿ ತೋಟದೊಳಗಿನ ಹೋಂಸ್ಟೇಗಾದರೆ ಡಾಂಬರು ರಸ್ತೆ ಎಲ್ಲಿಯವರೆಗೆ ಎಂಬುದನ್ನು ಮನೆಯವರಿಂದ ತಿಳಿದುಕೊಳ್ಳಿ. ಕೊನೆಯ ಮೂರು ನಾಲ್ಕು ಕಿ.ಮೀ. ಮಣ್ಣುದಾರಿಯಾಗಿದ್ದರೆ ಅವರೇ ಜೀಪ್ ಕಳಿಸುವುದುಂಟು. ತೋಟದ ನಡುವೆ ಮ್ಯಾಪ್ ಎಷ್ಟೋ ಸಲ ಪಕ್ಕದ ಎಸ್ಟೇಟಿನ ಗೇಟಿಗೆ ಕರೆದೊಯ್ಯುತ್ತದೆ, ಘಾಟಿಯಲ್ಲಿ ಸಿಗ್ನಲ್ ಕೈಕೊಡುತ್ತದೆ. ಹಿಂದಿನ ದಿನವೇ ಹೋಂಸ್ಟೇಯವರಿಗೂ ಚಾಲಕರಿಗೂ ಒಮ್ಮೆ ಮಾತಾಡಿಸಿಬಿಡಿ.

ಕಾರಿನೊಳಗೆ ನಮ್ಮ ಪಾಲು

ಹತ್ತಿ ಕೂತ ಮೇಲೂ ಪ್ರಯಾಣಿಕರಿಗೆ ಕೆಲಸವಿದೆ. ಮುಂದಿನ ಸೀಟಿನಲ್ಲಿ ಕೂರುವವರು ಎಚ್ಚರವಿರಬೇಕು. ಎರಡು ಗಂಟೆಗೊಮ್ಮೆ ‘ಅಣ್ಣಾ, ಒಂದು ಟೀ ಕುಡಿಯೋಣ, ನಿಲ್ಲಿಸಿ’ ಎಂದು ನಾವೇ ಹೇಳಬೇಕು. ಪ್ರಯಾಣಿಕರಿಗೆ ತಡವಾಗುತ್ತದೆಂಬ ಸಂಕೋಚದಲ್ಲಿ ಅವರಾಗಿ ಕೇಳುವುದಿಲ್ಲ. ಕಣ್ಣು ಉಜ್ಜಿಕೊಳ್ಳುವುದು, ಕಿಟಕಿ ಇಳಿಸುವುದು, ಗಾಡಿ ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ಸರಿಯುವುದು ಕಂಡರೆ ಬೆಳಕಿರುವ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಲು ಹೇಳಿ. ಹಿಂದೆ ಕೂತವರೂ ಸೀಟ್ ಬೆಲ್ಟ್ ಹಾಕಬೇಕು. ನಿಯಮವೂ ಹಾಗೇ ಇದೆ.

ಘಾಟಿಯಲ್ಲಿ ಎದುರು ಬದುರಾದಾಗ ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು ಎಂಬುದು ರಸ್ತೆ ನಿಯಮ. ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಇದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಬಲ್ಲ ಚಾಲಕರು ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿನ ಬಲದಿಂದಲೇ ವೇಗ ತಗ್ಗಿಸುತ್ತಾರೆ. ಎಂಜಿನ್ ಸದ್ದು ಜೋರಾಯಿತೆಂದು, ಗಾಡಿ ನಿಧಾನವಾಯಿತೆಂದು ಹಿಂದಿನಿಂದ ಗೊಣಗಬೇಡಿ. ಆ ನಿಧಾನವೇ ಅವರ ಕಸುಬು. ವಾಂತಿಯ ಭಯವಿರುವ ಮಕ್ಕಳಿಗೆ ಘಾಟಿ ಹತ್ತುವ ಮುನ್ನ ಹೊಟ್ಟೆ ತುಂಬ ತಿನ್ನಿಸದೆ, ಮೊಬೈಲ್ ಬದಿಗಿರಿಸಿ, ದೂರದ ಬೆಟ್ಟ ನೋಡಿಸಿದರೆ ಅರ್ಧ ತೊಂದರೆ ಕಡಿಮೆ.

ಅವರಿಗೂ ಒಂದು ಹಾಸಿಗೆ

ಕಾರನ್ನು ಎರಡು ಮೂರು ದಿನ ಜೊತೆಗೇ ಇರಿಸಿಕೊಳ್ಳುವವರು ಇನ್ನೂ ಒಂದು ಮಾತು ಕೇಳಬೇಕು: ಚಾಲಕರು ಎಲ್ಲಿ ಮಲಗುತ್ತಾರೆ? ಬೆಟ್ಟದ ಊರುಗಳಲ್ಲಿ ಇದಕ್ಕೆ ಇಂದಿಗೂ ಸಾಮಾನ್ಯ ಉತ್ತರ, ಕಾರಿನಲ್ಲಿ. ಡಿಸೆಂಬರಿನ ಚಳಿಯಲ್ಲಿ ಸೀಟು ಹಿಂದಕ್ಕೆ ಬಾಗಿಸಿ, ಗಾಜು ಒಂದಿಂಚು ಇಳಿಸಿ, ಜರ್ಕಿನ್ ಹೊದ್ದು ಮಲಗಿದವರು ಮರುದಿನ ನಮ್ಮ ಮಕ್ಕಳನ್ನು ಕೂರಿಸಿಕೊಂಡು ಮುಳ್ಳಯ್ಯನಗಿರಿಯ ಕಡಿದಾದ ರಸ್ತೆ ಹತ್ತಬೇಕು. ತಮಿಳುನಾಡು 2023ರಲ್ಲಿ ತನ್ನ ಕಟ್ಟಡ ನಿಯಮಗಳಿಗೆ ತಿದ್ದುಪಡಿ ತಂದು, ಹೋಟೆಲ್ ಮತ್ತು ಲಾಡ್ಜ್‌ಗಳು ಅತಿಥಿಗಳ ಚಾಲಕರಿಗೆ ಮಲಗುವ ಜಾಗ, ಶೌಚಾಲಯ ಒದಗಿಸಬೇಕೆಂದಿತು. ನಮ್ಮ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ರೆಸಾರ್ಟ್‌ಗಳು ಆದೇಶಕ್ಕೆ ಕಾಯದೆ ಇದನ್ನು ಮಾಡಬಹುದು. ಹತ್ತು ಕೋಣೆ ಕಟ್ಟುವವರಿಗೆ ನಾಲ್ಕು ಮಂಚದ ಒಂದು ಹಾಲ್, ಬಿಸಿನೀರಿನ ಒಂದು ಬಚ್ಚಲು ಹೊರೆಯಲ್ಲ. ಅತಿಥಿಗಳೂ ಕೋಣೆ ಕಾಯ್ದಿರಿಸುವಾಗ ‘ನಮ್ಮ ಡ್ರೈವರ್‌ಗೆ ಊಟ, ಹಾಸಿಗೆ ಇದೆಯೇ’ ಎಂದು ಕೇಳಿ, ಬೇಕಾದರೆ ಅದರ ಹಣವನ್ನೂ ಕೊಡಬೇಕು.

ಹೀಗೆ ಒಬ್ಬರು ಕೇಳಿದರೆ ಏಜೆನ್ಸಿಯವರು ನಕ್ಕು ಸುಮ್ಮನಾಗಬಹುದು. ಕರೆ ಮಾಡುವವರೆಲ್ಲ ಕೇಳತೊಡಗಿದರೆ ಟ್ರಿಪ್ ಶೀಟ್ ಬರೆಯುವವರು ಯಾರು ಮಲಗಿ ಎದ್ದಿದ್ದಾರೆಂದು ನೋಡಲೇಬೇಕಾಗುತ್ತದೆ, ಅಂಥವರಿಗೇ ಡ್ಯೂಟಿ ಕೊಡಬೇಕಾಗುತ್ತದೆ. ಅದಕ್ಕೆ ಬಾಡಿಗೆ ಸ್ವಲ್ಪ ಹೆಚ್ಚಾದೀತು. ಹೆಚ್ಚಾಗಲಿ. ವಿಮಾನಕ್ಕೆ, ಕೋಣೆಗೆ, ಕ್ಯಾಂಪ್‌ಫೈರಿಗೆ ಖರ್ಚು ಮಾಡುವ ನಾವು, ಮನೆಮಂದಿಯನ್ನೆಲ್ಲ ಬೆಟ್ಟ ಹತ್ತಿಸುವವರ ಒಂದು ರಾತ್ರಿಯ ನಿದ್ದೆಗೂ ಕೊಡಲು ಶಕ್ತರು.