ಕಣಗಿಲೆ ಗಿಡಕ್ಕೆ ತಕ್ಕ ಸ್ಥಳ

ಕಣಗಿಲೆಯನ್ನರಿಯದ ಗ್ರಾಮಸ್ಥರು ವಿರಳ. ಸಂಸ್ಕೃತದಲ್ಲಿ ಕರವೀರವೆನಿಸಿಕೊಂಡ ಈ ಗಿಡವು ದೇವಾಲಯದ ಅಂಗಳದಲ್ಲಿಯೂ ಹಿತ್ತಿಲ ಬೇಲಿಯಲ್ಲಿಯೂ ಬಹುಕಾಲದಿಂದ ಬೆಳೆದುಬಂದಿದೆ. ಬಿಳಿ, ನಸುಗೆಂಪು, ಕಡುಗೆಂಪು ಬಣ್ಣಗಳಲ್ಲಿ ಒಂಟಿ ಸುತ್ತಿನ ಹೂವಿನವೂ ಸುತ್ತು ಹೆಚ್ಚಿದ ಹೂವಿನವೂ ಉಂಟು. ಒಮ್ಮೆ ಬೇರೂರಿತೆಂದರೆ ವರ್ಷಗಟ್ಟಲೆ ಬಾಳುವುದು. ಮಳೆ ತಡೆದರೂ ಬೇಗ ಬಾಡದು. ಕಲ್ಲುನೆಲದಲ್ಲಿಯೂ ಕೊಂಚ ಚೌಳಿರುವ ಭೂಮಿಯಲ್ಲಿಯೂ ಬರುವುದು. 1945ರಲ್ಲಿ ಅಣುಬಾಂಬಿಗೆ ತುತ್ತಾದ ಜಪಾನಿನ ಹಿರೋಶಿಮಾ ಪಟ್ಟಣದಲ್ಲಿ ಬೇಗನೆ ಮರಳಿ ಹೂ ಬಿಟ್ಟ ಗಿಡವಿದೆಂದು 1973ರಲ್ಲಿ ಆ ನಗರದವರು ಇದನ್ನೇ ತಮ್ಮ ಪುಷ್ಪವನ್ನಾಗಿ ಆರಿಸಿಕೊಂಡರು.

ಇದನ್ನು ಬೆಳೆಸುವುದಕ್ಕೆ ಹೆಚ್ಚಿನ ಶ್ರಮವಿಲ್ಲ. ಮಳೆಗಾಲದ ಆರಂಭದಲ್ಲಿ ಬಲಿತ ಕೊಂಬೆಯಿಂದ ಗೇಣುದ್ದದ ತುಂಡುಗಳನ್ನು ಕೊಯ್ದು, ಕೆಳಗಿನ ಎಲೆಗಳನ್ನು ಬಿಡಿಸಿ, ಮರಳು ಬೆರೆಸಿದ ಮಡಿಯಲ್ಲಿ ಊರಿದರೆ ಬೇರು ಬಿಡುವುದು. ನೆರಳಿನಲ್ಲಿ ಗಿಡವು ಸೊರಗಿ ಹೂ ಕಡಿಮೆಯಾಗುವುದಾದ ಕಾರಣ ಬಿಸಿಲಿನಲ್ಲಿಯೇ ನೆಡತಕ್ಕದ್ದು. ಹೊಸ ಚಿಗುರಿನ ತುದಿಯಲ್ಲಿಯೇ ಹೂವಾಗುವುದರಿಂದ ಹೂವಿನ ಭರ ಕಳೆದೊಡನೆ ಕೊಂಬೆಗಳನ್ನು ಸವರುವುದು ಉತ್ತಮ.

ಅಪಾಯವು ಒದಗುವುದು ಬಹುಮಟ್ಟಿಗೆ ಈ ಸವರುವ ದಿನದಂದೇ. ಕಣಗಿಲೆಯ ಬೇರು, ತೊಗಟೆ, ಎಲೆ, ಹೂವು ಸರ್ವವೂ ವಿಷ. ದನಕರು ಬಾಯಿಡದ ಗಿಡವೆಂದು ಇದನ್ನು ಬೇಲಿಗೆ ಹೊಗಳುವುದು ವಾಡಿಕೆ. ಈ ಮಾತಿನಲ್ಲಿ ಅರ್ಧ ಮಾತ್ರ ನಿಜ. ಹಸುರೆಲೆಯು ಕಹಿಯಾದುದರಿಂದ ಮೇವಿರುವಾಗ ದನವು ಅದನ್ನು ಬಿಟ್ಟು ಹೋಗುವುದು. ಆದರೆ ಕತ್ತರಿಸಿದ ಕೊಂಬೆಗಳನ್ನು ಆಳು ಬೇಲಿಯಾಚೆಗೆ ಎಸೆದನೆನ್ನೋಣ. ಎರಡು ದಿನಗಳಲ್ಲಿ ಎಲೆ ಬಾಡುವುದು, ಹುಲ್ಲಿನೊಡನೆ ಬೆರೆಯುವುದು. ಆಗ ಹಸಿದ ದನವು ಭೇದವೆಣಿಸದೆ ತಿನ್ನುವುದು. ಒಣಗಿದ ಮಾತ್ರಕ್ಕೆ ವಿಷವು ಹೋಗುವುದಿಲ್ಲ. ಹತ್ತಿಪ್ಪತ್ತು ಎಲೆಗಳೇ ಒಂದು ದನದ ಪ್ರಾಣಕ್ಕೆ ಸಾಕಾಗಬಹುದು. ವಿಷವು ಮುಖ್ಯವಾಗಿ ಹೃದಯವನ್ನು ಹಿಡಿಯುವುದು: ದನವು ಮೇವು ಬಿಟ್ಟು, ಭೇದಿಯಾಗಿ, ಕಾಲು ತಣ್ಣಗಾಗಿ, ನಾಡಿ ತಪ್ಪಿ ಬೀಳುವುದು. ಕೆಲವು ವೇಳೆ ಯಾವ ಲಕ್ಷಣವೂ ಕಾಣದೆ ಸತ್ತಿರುವುದೇ ಮೊದಲು ತಿಳಿಯುವುದು. ಅನುಮಾನ ತೋರಿದ ಕ್ಷಣವೇ ಪಶುವೈದ್ಯರನ್ನು ಕರೆಸಬೇಕಲ್ಲದೆ ಮನೆಮದ್ದಿನಲ್ಲಿ ಹೊತ್ತು ಕಳೆಯಕೂಡದು.

ಆದಕಾರಣ ಕಣಗಿಲೆಯನ್ನು ತೋಟದಿಂದ ಕಿತ್ತೆಸೆಯಬೇಕೆಂದಲ್ಲ. ಅಂಥ ಚೆಲುವಾದ ಗಿಡವನ್ನು ಕಳೆದುಕೊಳ್ಳುವುದು ಅನ್ಯಾಯವೇ ಸರಿ. ಗುಡಿಯ ಪ್ರಾಕಾರ, ಮನೆಯ ಮುಂಗಡೆ, ರಸ್ತೆಯ ನಡುವಣ ಪಟ್ಟಿ ಇವು ಅದಕ್ಕೆ ಒಪ್ಪುವ ಸ್ಥಳಗಳು. ಕೊಟ್ಟಿಗೆಯ ಮಗ್ಗುಲು, ದನ ನೀರು ಕುಡಿಯುವ ತೊಟ್ಟಿಯ ಬಳಿ, ಹುಲ್ಲುಮೆದೆಯ ಹತ್ತಿರ, ಗೋಮಾಳದ ಅಂಚು ಇಲ್ಲೆಲ್ಲಾ ನೆಡಲೇಬಾರದು. ಶಾಲೆಯ ಆವರಣದಲ್ಲಿಯೂ ಬೇಡ. ಮಕ್ಕಳು ಎಲೆ ಕಡಿಯುವುದುಂಟು, ಕಡ್ಡಿಯನ್ನು ಬಾಯಿಗಿಡುವುದುಂಟು. ಹಳದಿ ಕಣಗಿಲೆಯೆಂಬುದು ಅಮೆರಿಕ ಖಂಡದಿಂದ ಬಂದ ಬೇರೆಯೇ ಗಿಡವಾದರೂ ವಿಷದಲ್ಲಿ ಇದಕ್ಕೆ ಕಡಿಮೆಯಿಲ್ಲ, ಅದರ ಬೀಜವಂತೂ ಅತಿ ಕ್ರೂರ.

ಸವರುವ ದಿನ ಜಮೀನಿನ ಯಜಮಾನರು ತಾವೇ ನಿಂತು ನೋಡುವುದು ಲೇಸು. ಕೊಂಬೆಗಳನ್ನು ಅಂದೇ ಒಟ್ಟುಗೂಡಿಸಿ ಆಳವಾದ ಗುಂಡಿಯಲ್ಲಿ ಹೂಳಿಸತಕ್ಕದ್ದು. ಇವುಗಳ ಹೊಗೆಯೂ ಕೆಡುಕಾದುದರಿಂದ ಒಲೆಗಾಗಲಿ ಕಸದ ಬೆಂಕಿಗಾಗಲಿ ಹಾಕಬಾರದು. ಕೆಲಸ ಮುಗಿದ ಮೇಲೆ ಆಳುಗಳು ಕೈಯನ್ನೂ ಕತ್ತಿಯನ್ನೂ ಚೆನ್ನಾಗಿ ತೊಳೆದ ಹೊರತು ಮೇವು ಕೊಯ್ಯಲು ಹೋಗಕೂಡದು.