ನೆಲದ ಔನ್ನತ್ಯವೂ ಕಾಫಿಯ ಬೆಳೆಯೂ

ಔನ್ನತ್ಯವೆಂದರೆ ಗುಡ್ಡದ ಬುಡದಿಂದ ಅಳೆದ ಎತ್ತರವಲ್ಲ. ಸರಾಸರಿ ಸಮುದ್ರಮಟ್ಟದಿಂದ ಎಣಿಸಿದ ಎತ್ತರವು. ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಬರೆದಿರುವುದು ಇದನ್ನೇ. ಮೇಲೇರಿದಂತೆ ಪ್ರತಿ 1,000 ಮೀಟರಿಗೆ ಉಷ್ಣತೆಯು ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುವುದು. ಆದುದರಿಂದಲೇ ಅರೇಬಿಕಾ ಕಾಫಿಗೆ 1,000ದಿಂದ 1,500 ಮೀಟರ್, ರೊಬಸ್ಟಾಕ್ಕೆ 500ರಿಂದ 1,000 ಮೀಟರ್ ತಕ್ಕುದೆಂದು ಹೇಳುವರು.

ಮಲೆನಾಡಿನ ಹಿಡುವಳಿದಾರರೊಬ್ಬರು, ತಮ್ಮ ದಿಣ್ಣೆಯೇ ಊರಿಗೆಲ್ಲ ಎತ್ತರವೆಂದು ನಂಬಿ, 700 ಮೀಟರಿನಲ್ಲಿ ಅರೇಬಿಕಾ ನೆಟ್ಟರು; ನೆರಳಿನ ಮರಗಳನ್ನೂ ಕಡಿಸಿದರು. ಬಿಳಿ ಕಾಂಡಕೊರಕವು ಆರು ವರ್ಷದೊಳಗೆ ತೋಟವನ್ನು ಹಾಳುಮಾಡಿತು. ಅವರನ್ನು ದೂರಲಾರೆ, ನಾನೂ ಸಕಾಲದಲ್ಲಿ ಅಳೆದು ತಿಳಿಸಿರಲಿಲ್ಲ.

ಗ್ರಾಮದ ಮುಖಂಡರು ಭಾರತೀಯ ಸರ್ವೇಕ್ಷಣ ಇಲಾಖೆಯ ಭೂಪಟದಲ್ಲಿ, ಸಮಾನ ಎತ್ತರದ ಸ್ಥಳಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳನ್ನು ನೋಡಿ, ಸಸಿ ಕೊಳ್ಳುವ ಮುನ್ನವೇ ತಮ್ಮವರಿಗೆ ಆ ಅಂಕೆಯನ್ನು ತಿಳಿಸತಕ್ಕದ್ದು.