ಡಬ್ಬಿಯೊಳಗಿನ ಗ್ಯಾಸಿಗೆ ಗೊತ್ತಿರುವುದು ಬಿಸಿಲೊಂದೇ

ದಿಲ್ಲಿಯ ಕಿದ್ವಾಯಿ ನಗರದ ಸರ್ಕಾರಿ ವಸತಿಯಿಂದ ಕನ್ನಡದ ತಾಯಿಯೊಬ್ಬರು ಬರೆದಿದ್ದಾರೆ. ಒಂಬತ್ತನೇ ತರಗತಿಯ ಮಗನಿಗೆ ಏರ್‌ಸಾಫ್ಟ್ ಬಂದೂಕಿನ ಹುಚ್ಚು ಹತ್ತಿದೆಯಂತೆ. ಪ್ಲಾಸ್ಟಿಕ್ ಗೋಲಿ ಹಾರಿಸುವ ಆ ಆಟಿಕೆಗೆ ಗ್ಯಾಸ್ ತುಂಬಬೇಕು. ಅಂಗಡಿಯವನು ‘ಗ್ರೀನ್ ಗ್ಯಾಸ್’ ತಗೊಳ್ಳಿ ಅನ್ನುತ್ತಾನೆ. ಮಗನ ಗೆಳೆಯನ ಪ್ರಕಾರ ಸಿಗರೇಟ್ ಲೈಟರಿಗೆ ತುಂಬುವ ಗ್ಯಾಸೇ ಸಾಕು. ಪಕ್ಕದ ಮನೆಯವರು ಸೋಡಾ ಗ್ಯಾಸೇ ನಿರಪಾಯ, ಅದು ಉರಿಯುವುದಿಲ್ಲವಲ್ಲ ಎಂದು ಧೈರ್ಯ ಹೇಳಿದ್ದಾರೆ. ‘ಇವುಗಳಲ್ಲಿ ಸುರಕ್ಷಿತವಾದದ್ದು ಯಾವುದು, ಒಂದು ಹೆಸರು ಹೇಳಿಬಿಡಿ’ ಎಂಬುದು ಆ ತಾಯಿಯ ಕೋರಿಕೆ.

ಬರೀ ಹೆಸರು ಹೇಳಿ ಮುಗಿಸುವ ಪ್ರಶ್ನೆ ಇದಾಗಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಉತ್ತರದ ಅರ್ಧಭಾಗ ಅವರ ಮನೆಯ ಹತ್ತಿರವೇ ಇರುವ ಸಫ್ದರ್‌ಜಂಗ್ ಹವಾಮಾನ ಕೇಂದ್ರದ ತಾಪಮಾಪಕದಲ್ಲಿದೆ. ಆ ಕೇಂದ್ರ 2021ರ ಜನವರಿ 1ರ ಬೆಳಗ್ಗೆ 1.1 ಡಿಗ್ರಿ ಸೆಲ್ಸಿಯಸ್ ದಾಖಲಿಸಿತ್ತು. 2024ರ ಮೇ 29ರಂದು ಅಲ್ಲೇ 46.8 ಡಿಗ್ರಿ. ತಾಪ ಇಷ್ಟು ಅಂತರದಲ್ಲಿ ಏರಿಳಿಯುವ ಊರಿನಲ್ಲಿ ಗ್ಯಾಸಿನ ಸುರಕ್ಷತೆ ಋತುವಿನ ಜೊತೆಗೇ ಬದಲಾಗುತ್ತದೆ. ಅದು ಹೇಗೆಂದು ತಿಳಿದರೆ ಅಡುಗೆಮನೆಯ ಸಿಲಿಂಡರ್, ಕಾರಿನ ಎಸಿ, ಆಸ್ತಮಾ ಇನ್‌ಹೇಲರ್ ಎಲ್ಲವೂ ಒಂದೇ ನಿಯಮಕ್ಕೆ ತಲೆಬಾಗುವುದು ಕಾಣುತ್ತದೆ. ನನಗೆ ಈ ವಿಷಯ ಇಷ್ಟವಾಗುವುದೇ ಅದಕ್ಕೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬೇರುಸಹಿತ ಕೀಳಬೇಕು. ಗ್ಯಾಸ್ ಬಂದೂಕು ಎಂದರೆ ಒಳಗೆ ಗ್ಯಾಸ್ ಹೊತ್ತಿ ಉರಿದು ಗೋಲಿಯನ್ನು ತಳ್ಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಏರ್‌ಸಾಫ್ಟ್‌ನಲ್ಲಿ ಕಿಡಿಯೂ ಇಲ್ಲ, ಬೆಂಕಿಯೂ ಇಲ್ಲ. ಒತ್ತಡದಲ್ಲಿದ್ದ ಗ್ಯಾಸಿಗೆ ಕವಾಟ ತೆರೆದುಕೊಳ್ಳುತ್ತದೆ, ಅದು ಹಿಗ್ಗುತ್ತದೆ, ಎದುರಿಗಿದ್ದ 6 ಮಿಲಿಮೀಟರ್ ಗೋಲಿಯನ್ನು ನಳಿಗೆಯಿಂದ ಆಚೆ ನೂಕುತ್ತದೆ. ನಮ್ಮೂರ ಗೋಲಿ ಸೋಡಾದಲ್ಲಿ, ದಿಲ್ಲಿಯವರು ಬಂಟಾ ಅನ್ನುವ ಅದೇ ಸೀಸೆಯಲ್ಲಿ, ಗ್ಯಾಸು ಗಾಜಿನ ಗೋಲಿಯನ್ನು ಕತ್ತಿಗೆ ಒತ್ತಿ ಹಿಡಿದಿರುತ್ತದಲ್ಲ, ಆ ಒತ್ತಡಕ್ಕೆ ದಾರಿ ಬಿಟ್ಟುಕೊಟ್ಟಂತೆ ಇದು. 0.2 ಗ್ರಾಂ ತೂಕದ ಗೋಲಿ ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸರಿಯಾಗಿ 1 ಜೂಲ್. ಚರ್ಮಕ್ಕೆ ಅದು ಚುರುಕು, ಕಣ್ಣಿಗೆ ಅನಾಹುತ.

ಉರಿಸಿ ಹಾರಿಸುವ ದಾರಿ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು 2025ರ ದೀಪಾವಳಿಯಲ್ಲಿ ದೇಶ ಕಂಡಿದೆ. ಮಧ್ಯಪ್ರದೇಶದ ಭೋಪಾಲ, ವಿದಿಶಾ, ಗ್ವಾಲಿಯರ್ ಕಡೆ ‘ಕಾರ್ಬೈಡ್ ಗನ್’ ಎಂಬ ಅಗ್ಗದ ಪಿವಿಸಿ ಕೊಳವೆ ಬೀದಿಬೀದಿಯಲ್ಲಿ ಮಾರಾಟವಾಯಿತು. ಕ್ಯಾಲ್ಸಿಯಂ ಕಾರ್ಬೈಡ್ ಚೂರಿಗೆ ನೀರು ತಾಗಿದರೆ ಅಸಿಟಲೀನ್ ಹುಟ್ಟುತ್ತದೆ, ಒಲೆ ಹಚ್ಚುವ ಲೈಟರಿನ ಕಿಡಿಗೆ ಅದು ಸಿಡಿಯುತ್ತದೆ. ಸಿಡಿಯದಿದ್ದಾಗ ಏನಾಯಿತೆಂದು ಕೊಳವೆಯೊಳಗೆ ಇಣುಕಿದ ಮಕ್ಕಳ ಮುಖಕ್ಕೇ ಅದು ಸಿಡಿಯಿತು. ಎಷ್ಟೋ ಮಕ್ಕಳು ಕಣ್ಣು ಕಳೆದುಕೊಂಡರು. ಮನೆಯಲ್ಲೇ ಮಾಡುವ ಉರಿಗ್ಯಾಸಿನ ಯಾವ ಕೊಳವೆಯೂ ಆಟಿಕೆಯಾಗಲಾರದು. ಏರ್‌ಸಾಫ್ಟ್ ಬಂದೂಕಿಗೂ ಇದಕ್ಕೂ ನಂಟಿಲ್ಲ ಎಂಬುದು ಆ ತಾಯಿಗೆ ಸಿಗುವ ಮೊದಲ ಸಮಾಧಾನ. ಹಾಗೆಂದು ಪೂರ್ತಿ ನಿಶ್ಚಿಂತೆಯಾಗುವಂತಿಲ್ಲ.

ಬಂದೂಕಿನ ಮ್ಯಾಗಜಿನ್‌ನಲ್ಲಿ, ಅಂದರೆ ಗೋಲಿಯೂ ಗ್ಯಾಸೂ ಕೂರುವ ಖಾನೆಯಲ್ಲಿ, ಗ್ಯಾಸೆಂದು ತುಂಬಿರುವುದು ಬಹುಪಾಲು ದ್ರವ. ಒತ್ತಡದಲ್ಲಿ ದ್ರವವಾಗಿ ಕೂತ ಗ್ಯಾಸು, ಅದರ ಮೇಲೊಂದಿಷ್ಟು ಆವಿ. ಈಗ ಕೇಳಿ: ಆ ಆವಿಯ ಒತ್ತಡಕ್ಕೆ ಡಬ್ಬಿ ಎಷ್ಟು ತುಂಬಿದೆ ಎಂಬುದು ಗೊತ್ತೇ ಇಲ್ಲ. ಮುಕ್ಕಾಲು ತುಂಬಿದ್ದರೂ ಅಷ್ಟೇ, ತಳದಲ್ಲಿ ಒಂದು ಚಮಚ ದ್ರವ ಉಳಿದಿದ್ದರೂ ಅಷ್ಟೇ. ಹೊರಗೆ ಹೋದಷ್ಟು ಆವಿಯನ್ನು ದ್ರವ ಕುದಿದು ತುಂಬಿಕೊಡುತ್ತದೆ. ಒತ್ತಡವನ್ನು ನಿರ್ಧರಿಸುವುದು ತಾಪ, ತಾಪವೊಂದೇ. ಸಿಲಿಂಡರ್ ಖಾಲಿಯಾಗುತ್ತಾ ಬಂದಂತೆ ಒತ್ತಡ ಇಳಿಯುತ್ತದೆ ಎಂದುಕೊಂಡವರು ಇದನ್ನು ಒಮ್ಮೆ ನಿಧಾನವಾಗಿ ಯೋಚಿಸಬೇಕು.

ಗ್ರೀನ್ ಗ್ಯಾಸ್ ಎಂಬುದು ಬಹುತೇಕ ಪ್ರೋಪೇನ್, ಜೊತೆಗೆ ರಬ್ಬರ್ ಸೀಲುಗಳು ಒಣಗದಿರಲು ಚೂರು ಸಿಲಿಕೋನ್ ಎಣ್ಣೆ. 20 ಡಿಗ್ರಿಯಲ್ಲಿ ಪ್ರೋಪೇನಿನ ಒತ್ತಡ ವಾತಾವರಣದ ಒತ್ತಡದ ಎಂಟು ಪಟ್ಟಿಗಿಂತ ಸ್ವಲ್ಪ ಹೆಚ್ಚು. ದಿಲ್ಲಿಯ ಜನವರಿಯ ಮುಂಜಾವಿನಲ್ಲಿ ಅದು ಐದು ಪಟ್ಟಿಗೆ ಇಳಿಯುತ್ತದೆ. ಮೇ ತಿಂಗಳ ಮಧ್ಯಾಹ್ನ ಹದಿನೈದು ದಾಟುತ್ತದೆ. ಅದೇ ಬಂದೂಕು, ಅದೇ ಡಬ್ಬಿ, ಒತ್ತಡ ಮಾತ್ರ ಮೂರು ಪಟ್ಟು. ಹಗುರ ಲೋಹದ ಮ್ಯಾಗಜಿನ್, ಪ್ಲಾಸ್ಟಿಕ್ ಸ್ಲೈಡ್ ಇರುವ ಬಂದೂಕು ಇಷ್ಟನ್ನು ತಡೆದುಕೊಳ್ಳಲೆಂದು ತಯಾರಾಗಿರುವುದಿಲ್ಲ. ಗೆಳೆಯ ಹೇಳಿದ ಲೈಟರ್ ಗ್ಯಾಸ್ ಬ್ಯೂಟೇನ್. ಅದು ಕುದಿಯುವುದೇ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ. ಚಳಿಗಾಲದ ಬೆಳಗ್ಗೆ ಅದರ ಒತ್ತಡ ಹೊರಗಿನ ಗಾಳಿಗೆ ಸಮನಾಗಿ ಬಂದೂಕು ಕೆಮ್ಮುವುದೂ ಇಲ್ಲ.

ಇದೇ ನಿಯಮ ತಿಳಿಯದೆ ಉತ್ತರ ಭಾರತದ ಚಳಿಯಲ್ಲಿ ನಡೆಯುವ ಒಂದು ಅಭ್ಯಾಸವನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ರಸ್ತೆಬದಿಯ ಟೀ ಅಂಗಡಿಗಳಲ್ಲಿ ಸಿಲಿಂಡರನ್ನು ಬಿಸಿನೀರಿನ ಟಬ್ಬಿನಲ್ಲಿ ನಿಲ್ಲಿಸುತ್ತಾರೆ. ಮನೆಗಳಲ್ಲಿ ಅಡ್ಡ ಮಲಗಿಸಿ ಉರುಳಿಸುತ್ತಾರೆ. ‘ಗ್ಯಾಸ್ ತಳದಲ್ಲಿ ಅಂಟಿಕೊಂಡಿದೆ, ಬಿಡಿಸಬೇಕು’ ಎಂಬ ಸಮಜಾಯಿಷಿ ಬೇರೆ. ಯಾವುದೂ ಅಂಟಿಕೊಂಡಿಲ್ಲ. ದ್ರವ ಆವಿಯಾಗುವಾಗ ಸಿಲಿಂಡರಿನ ಶಾಖವನ್ನೇ ಹೀರಿ ತಣ್ಣಗಾಗುತ್ತದೆ, ತಣ್ಣಗಾದಂತೆ ಒತ್ತಡ ಕುಸಿಯುತ್ತದೆ, ಅಷ್ಟೇ. ಅಡ್ಡ ಮಲಗಿಸಿದರೆ ರೆಗ್ಯುಲೇಟರಿಗೆ ಆವಿಯ ಬದಲು ದ್ರವವೇ ನುಗ್ಗಿ ಒಲೆಯಲ್ಲಿ ಜ್ವಾಲೆ ಮೇಲೇಳಬಹುದು. ಏರ್‌ಸಾಫ್ಟ್ ಆಡುವ ಹುಡುಗರೂ ಸರಸರನೆ ಹತ್ತಾರು ಗೋಲಿ ಹಾರಿಸಿ, ಮ್ಯಾಗಜಿನ್ ಹಿಮದಂತೆ ತಣ್ಣಗಾದಾಗ ಹೀಟರಿನ ಮುಂದೆ ಹಿಡಿಯುತ್ತಾರೆ. ಮಾಡಬಾರದು. ಹತ್ತು ನಿಮಿಷ ಸುಮ್ಮನಿಟ್ಟರೆ ಸುತ್ತಲಿನ ಗಾಳಿಯೇ ಆ ಶಾಖವನ್ನು ಮರಳಿ ಕೊಡುತ್ತದೆ.

ಈಗ ಪಕ್ಕದ ಮನೆಯವರ ಸೋಡಾ ಗ್ಯಾಸಿಗೆ, ಅಂದರೆ ಕಾರ್ಬನ್ ಡೈಆಕ್ಸೈಡಿಗೆ ಬರೋಣ. ಉರಿಯುವುದಿಲ್ಲ, ನಿಜ. ಒತ್ತಡ ಮಾತ್ರ 20 ಡಿಗ್ರಿಯಲ್ಲೇ ವಾತಾವರಣದ 56 ಪಟ್ಟು. ಅದಕ್ಕೇ 12 ಗ್ರಾಂ ಗ್ಯಾಸಿಗೆ ಅಷ್ಟು ದಪ್ಪ ಉಕ್ಕಿನ ಕುಪ್ಪಿ. ಆದರೆ ದಿಲ್ಲಿಯ ಬೇಸಿಗೆಯಲ್ಲಿ ಆ ಕುಪ್ಪಿಯೊಳಗೆ ನಡೆಯುವುದು ಒತ್ತಡ ಏರುವುದಕ್ಕಿಂತ ವಿಚಿತ್ರವಾದದ್ದು. ಅದನ್ನು ಮೊದಲು ಪತ್ತೆ ಮಾಡಿದ್ದು ಬಂದೂಕಿನ ನಳಿಗೆಯಲ್ಲಿ ಉರುಳಿದ ಒಂದು ಗೋಲಿ!

1822ರಲ್ಲಿ ಫ್ರಾನ್ಸಿನ ಶಾರ್ಲ್ ಕನ್ಯಾರ್ ದ ಲ ಟೂರ್ ಎಂಬಾತ ಬಂದೂಕಿನ ನಳಿಗೆಯ ತುಂಡೊಂದರಲ್ಲಿ ಮದ್ಯಸಾರ ಹಾಕಿ, ಜೊತೆಗೆ ಚಕಮಕಿ ಕಲ್ಲಿನ ಗುಂಡೊಂದನ್ನು ಬಿಟ್ಟು, ಭದ್ರವಾಗಿ ಮುಚ್ಚಿದ. ಕಿವಿಯೇ ಈತನ ದೊಡ್ಡ ಉಪಕರಣ. ಸೈರನ್ ಎಂಬ ಸದ್ದಿನ ಯಂತ್ರಕ್ಕೆ ಆ ಹೆಸರಿಟ್ಟವನೂ ಈತನೇ. ನಳಿಗೆಯನ್ನು ಕಾಯಿಸುತ್ತಾ ಅತ್ತಿತ್ತ ಓಲಾಡಿಸಿ ಆಲಿಸಿದ. ಒಳಗೆ ದ್ರವ ಇರುವಷ್ಟು ಹೊತ್ತೂ ಗುಂಡು ಆವಿಯಿಂದ ದ್ರವಕ್ಕೆ ಬೀಳುವ ಚಳಕ್ ಸದ್ದು. ಕಾವು ಒಂದು ಮಟ್ಟ ದಾಟಿದ್ದೇ ಆ ಸದ್ದು ಅಡಗಿ ಗುಂಡು ಲೋಹದ ಮೇಲೆ ಉರುಳುವ ದನಿ ಮಾತ್ರ ಉಳಿಯಿತು. ದ್ರವ ಎಲ್ಲೂ ಸೋರಿರಲಿಲ್ಲ. ದ್ರವಕ್ಕೂ ಆವಿಗೂ ನಡುವಿನ ಗಡಿಯೇ ಅಳಿಸಿಹೋಗಿತ್ತು. ಎರಡೂ ಬೆರೆತು ಒಂದೇ ವಸ್ತುವಾಗಿತ್ತು. ಕಣ್ಣಿಗೆ ಕಾಣದ ಉಕ್ಕಿನೊಳಗಿನ ಸಂಗತಿಯನ್ನು ಕಿವಿಯಿಂದ ನೋಡಿದ ಈ ಪ್ರಯೋಗ ನನ್ನ ಮಟ್ಟಿಗೆ ಭೌತವಿಜ್ಞಾನದ ಅತಿ ಸುಂದರ ಪ್ರಯೋಗಗಳಲ್ಲೊಂದು. ನಂತರ ಗಾಜಿನ ಕೊಳವೆಗಳಲ್ಲಿ ಆತ ಅದನ್ನು ಕಣ್ಣಾರೆಯೂ ಕಂಡ.

1869ರಲ್ಲಿ ಬೆಲ್‌ಫಾಸ್ಟಿನ ಥಾಮಸ್ ಆಂಡ್ರ್ಯೂಸ್ ಕಾರ್ಬನ್ ಡೈಆಕ್ಸೈಡಿಗೆ ಈ ಮಟ್ಟ ಎಷ್ಟೆಂದು ಅಳೆದು, ಅದನ್ನು ಕ್ರಿಟಿಕಲ್ ಬಿಂದು ಎಂದು ಕರೆದ. ಅದು 31 ಡಿಗ್ರಿ ಸೆಲ್ಸಿಯಸ್. ಬೆಲ್‌ಫಾಸ್ಟಿನ ಚಳಿಯಲ್ಲಿ ಅಷ್ಟು ಕಾವಿಗೆ ಕೊಳವೆಯನ್ನು ಬೆಚ್ಚಗಿಟ್ಟುಕೊಳ್ಳಬೇಕು. ಕಿದ್ವಾಯಿ ನಗರದಲ್ಲಿ ಏಪ್ರಿಲ್ಲಿನಿಂದ ಸೆಪ್ಟೆಂಬರ್ ತನಕ ಬಾಲ್ಕನಿಯಲ್ಲಿಟ್ಟರೆ ಸಾಕು, ಹಗಲು ತಾನೇ ಆಗುತ್ತದೆ! ದಿಲ್ಲಿಯ ಬೇಸಿಗೆಯ ಹಗಲಲ್ಲಿ ಆ ಉಕ್ಕಿನ ಕುಪ್ಪಿಯೊಳಗೆ ದ್ರವ ಎಂಬುದೇ ಇರುವುದಿಲ್ಲ. ಅಲ್ಲಿಂದ ಮೇಲೆ ಒತ್ತಡ ಎಷ್ಟು ಏರುತ್ತದೆ ಎಂಬುದು ಕುಪ್ಪಿಗೆ ಎಷ್ಟು ತುಂಬಿದ್ದಾರೆ ಎಂಬುದನ್ನೂ ಅವಲಂಬಿಸುತ್ತದೆ, ಅದೂ ಕಡಿದಾಗಿ. 31 ಡಿಗ್ರಿಯಲ್ಲಿ ವಾತಾವರಣದ 73 ಪಟ್ಟಿದ್ದದ್ದು ಮೇ ತಿಂಗಳ ಉರಿಯಲ್ಲಿ ನೂರನ್ನು ದಾಟಬಹುದು. ಉರಿಯದ ಗ್ಯಾಸ್ ಎಂಬ ಒಂದೇ ಗುಣ ನೋಡಿ ಇದನ್ನು ನಿರಪಾಯವೆಂದು ಕರೆದರೆ ಅರ್ಧಸತ್ಯವಾದೀತು. ಪ್ರೋಪೇನಿಗೆಂದು ಮಾಡಿದ ಮ್ಯಾಗಜಿನ್‌ಗೆ ಇದನ್ನು ಯಾವ ಉಪಾಯದಿಂದಲೂ ಹಾಕಕೂಡದು.

ಮತ್ತೆ ಪ್ರೋಪೇನಿಗೆ ಬಂದರೆ ಅಲ್ಲಿನ ಅಪಾಯ ಬೇರೆ ಬಗೆಯದು: ಅದು ಉರಿಯುತ್ತದೆ, ಆದರೆ ವಾಸನೆ ಬರುವುದಿಲ್ಲ. ‘ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ’ ಎಂದು ನಾವೆಲ್ಲ ನಂಬಿದ್ದೇವೆ. ಮೂಗಿಗೆ ಬಡಿಯುವ ಆ ಕೊಳೆತ ನಾತ ಗ್ಯಾಸಿನದಲ್ಲ, ಕಾರ್ಖಾನೆಯಲ್ಲಿ ಬೇಕೆಂದೇ ಬೆರೆಸುವ ಮರ್‌ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತದ್ದು. 1937ರಲ್ಲಿ ಅಮೆರಿಕದ ಟೆಕ್ಸಸ್‌ನ ನ್ಯೂ ಲಂಡನ್ ಎಂಬಲ್ಲಿ ಶಾಲೆಯ ಕೆಳಗೆ ವಾಸನೆಯಿಲ್ಲದ ನೈಸರ್ಗಿಕ ಅನಿಲ ತುಂಬಿಕೊಂಡು ಸಿಡಿದು ಮುನ್ನೂರರ ಹತ್ತಿರ ಜೀವಗಳು ಹೋದ ಮೇಲೆ ಈ ನಾತ ಬೆರೆಸುವುದು ಅಲ್ಲಿ ಕಾನೂನಾಯಿತು. ಏರ್‌ಸಾಫ್ಟ್ ಗ್ಯಾಸಿನಲ್ಲಿ ಸಾಮಾನ್ಯವಾಗಿ ಆ ಕಾವಲುಗಾರ ಇರುವುದಿಲ್ಲ. ಪ್ರೋಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲದ ಮೇಲೆ ಹರಡಿ ಕೂರುತ್ತದೆ. ಗಾಳಿಯಲ್ಲಿ ಶೇಕಡಾ 2ಕ್ಕಿಂತ ಸ್ವಲ್ಪ ಹೆಚ್ಚಾದರೂ ಹೊತ್ತಿಕೊಳ್ಳಲು ಸಾಕು. ಡಿಸೆಂಬರಿನ ದಿಲ್ಲಿಯಲ್ಲಿ ಹೊಗೆಗೂ ಚಳಿಗೂ ಹೆದರಿ ಕಿಟಕಿ ಜಡಿದು, ನೆಲದ ಮೇಲೆ ಕೆಂಪು ಕಾಯಿಲ್ ಹೀಟರ್ ಇಟ್ಟುಕೊಂಡ ಕೋಣೆಯಲ್ಲಿ ಹುಡುಗನೊಬ್ಬ ಮ್ಯಾಗಜಿನ್ ತುಂಬುತ್ತಾ ಕೂತರೆ ಏನಾಗಬಹುದೆಂದು ಯೋಚಿಸಿ.

ಆ ತಾಯಿಗೆ ಯಾರೂ ಹೇಳದ, ಆದರೆ ಏರ್‌ಸಾಫ್ಟ್‌ನಲ್ಲಿ ಬಳಸುವ ಇನ್ನೊಂದು ಗ್ಯಾಸ್ ಎಚ್‌ಎಫ್‌ಸಿ-134ಎ. ಜಪಾನಿನ ಆಟಿಕೆ ತಯಾರಕರು ತಮ್ಮ ಹಗುರ ಬಂದೂಕುಗಳನ್ನು ರೂಪಿಸಿದ್ದು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು. ಎಷ್ಟೋ ಕಾರುಗಳ ಎಸಿಯಲ್ಲಿ ಹರಿಯುವುದು ಇದೇ. ದಿಲ್ಲಿಯ ಹೊಗೆಗಾಲದಲ್ಲಿ ಮಕ್ಕಳು ಬಾಯಿಗಿಡುವ ಎಷ್ಟೋ ಇನ್‌ಹೇಲರುಗಳಲ್ಲಿ ಔಷಧವನ್ನು ಶ್ವಾಸಕೋಶಕ್ಕೆ ತಳ್ಳುವುದೂ ಇದೇ. ಸಾಮಾನ್ಯ ಸ್ಥಿತಿಯಲ್ಲಿ ಇದು ಹೊತ್ತಿಕೊಳ್ಳುವುದಿಲ್ಲ. 20 ಡಿಗ್ರಿಯಲ್ಲಿ ವಾತಾವರಣದ ಐದೂವರೆ ಪಟ್ಟು ಮಾತ್ರ ಒತ್ತಡ. ಆದರೆ ಇದೂ ತಾಪದ ನಿಯಮಕ್ಕೆ ಹೊರತಲ್ಲ, ಮೇ ತಿಂಗಳಲ್ಲಿ ಹನ್ನೊಂದು ದಾಟುತ್ತದೆ. ಬೆಂಕಿಗೆ ಸಿಕ್ಕರೆ ವಿಷಕಾರಿ ಹೈಡ್ರೋಜನ್ ಫ್ಲೋರೈಡ್ ಆಗಿ ಒಡೆಯುತ್ತದೆ. ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ಇದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಪ್ರಬಲ. 2016ರ ಕಿಗಾಲಿ ಒಪ್ಪಂದದಂತೆ ಜಗತ್ತು ಇಂಥ ಗ್ಯಾಸುಗಳನ್ನು ಹಂತಹಂತವಾಗಿ ಇಳಿಸಬೇಕು, ಭಾರತದ ಕಡಿತ 2032ರಿಂದ. ಇನ್‌ಹೇಲರಿಗೆ ಬೇಕಾದ ಗ್ಯಾಸನ್ನು ಆಟಕ್ಕೆ ಊದಿ ಮುಗಿಸುವುದು ನನಗೆ ಒಪ್ಪಿಗೆಯಾಗುವ ಮಾತಲ್ಲ.

ಆದ್ದರಿಂದ ಕಿದ್ವಾಯಿ ನಗರದ ತಾಯಿಗೆ ನನ್ನ ಉತ್ತರ ಹೀಗಿದೆ. ಒಂಬತ್ತನೇ ತರಗತಿಯ ಹುಡುಗನಿಗೆ ಅತ್ಯಂತ ಸುರಕ್ಷಿತ ಗ್ಯಾಸ್ ಎಂದರೆ ನಮ್ಮ ಸುತ್ತಲಿನ ಗಾಳಿ. ಸ್ಪ್ರಿಂಗ್ ಎಳೆದು ಹಾರಿಸುವ ಬಂದೂಕು, ಅಥವಾ ಬ್ಯಾಟರಿಯ ಮೋಟಾರೇ ಸ್ಪ್ರಿಂಗ್ ಎಳೆಯುವ ಬಂದೂಕು ಆ ಗಾಳಿಯಿಂದಲೇ ಕೆಲಸ ಮಾಡುತ್ತದೆ. ಅದಕ್ಕೆ ಜನವರಿಯೂ ಒಂದೇ, ಜೂನೂ ಒಂದೇ. ದೊಡ್ಡವರು ಗ್ಯಾಸ್ ಬಂದೂಕನ್ನೇ ಆರಿಸಿಕೊಂಡರೆ ತಯಾರಕರು ಹೇಳಿದ ಗ್ಯಾಸನ್ನಷ್ಟೇ ಬಳಸಲಿ, ಬಯಲಲ್ಲಿ ತುಂಬಲಿ, ಬಿಸಿಲು 35 ಡಿಗ್ರಿ ದಾಟಿದ ದಿನ ಗ್ರೀನ್ ಗ್ಯಾಸನ್ನು ಮುಟ್ಟದಿರಲಿ. ಡಬ್ಬಿಗಳ ಮೇಲೆ 50 ಡಿಗ್ರಿ ಮೀರಬಾರದು ಎಂದು ಬರೆದಿರುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಆ ಮಿತಿ ಸುಲಭವಾಗಿ ಮೀರುತ್ತದೆ, ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟ ಡಿಯೋಡರೆಂಟಿಗೂ ಇದೇ ಎಚ್ಚರ ಬೇಕು. ವಿಮಾನದ ಸಾಮಾನಿನಲ್ಲಿ ಬಂದೂಕಿನ ಗ್ಯಾಸ್ ಡಬ್ಬಿಗೆ ಜಾಗವಿಲ್ಲ. ಯಾವ ಬಂದೂಕಾದರೂ ಸರಿ, ಪೂರ್ತಿ ಮುಚ್ಚುವ ಕನ್ನಡಕವಿಲ್ಲದೆ ಆಡಕೂಡದು. 2016ರ ಶಸ್ತ್ರಾಸ್ತ್ರ ನಿಯಮಗಳು ಬಂದೂಕಿನ ತದ್ರೂಪುಗಳನ್ನೂ ಗಮನಿಸುತ್ತವೆ, ಕೊಳ್ಳುವ ಮುಂಚೆ ಠಾಣೆಯಲ್ಲಿ ವಿಚಾರಿಸಿ. ರಾಜಧಾನಿಯ ರಸ್ತೆಯಲ್ಲಿ ಅದನ್ನು ಹಿಡಿದು ನಿಂತ ಹುಡುಗನನ್ನು ದೂರದಿಂದ ಕಂಡ ಪೊಲೀಸರಿಗೆ ಅದು ಆಟಿಕೆಯೆಂದು ಗೊತ್ತಾಗುವ ದಾರಿಯೇ ಇಲ್ಲ.

ಅಂಗಡಿಯವನು ‘ಇದು ಸೇಫ್ ಗ್ಯಾಸ್’ ಅಂದರೆ ಎಷ್ಟು ಡಿಗ್ರಿಯ ತನಕ ಎಂದು ಕೇಳಿ. ಉತ್ತರ ಗೊತ್ತಿಲ್ಲದವನಿಂದ ಕೊಳ್ಳಬೇಡಿ. ಆ ಪ್ರಶ್ನೆಯನ್ನು ಮಗನೇ ಕೇಳುವಂತಾದರೆ ಇನ್ನೂ ಒಳ್ಳೆಯದು.